ಬ್ರೇಕ್ ಮೇಡಂ ಗಾಡಿಯ ಬಿಳಿ ಹೊಗೆ

ನಮ್ಮ ಅತ್ತಿಗೆ ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಟೀವಿಯಲ್ಲಿ ಯಾರಾದರೂ ಜೋರಾಗಿ ಕಾರು ಓಡಿಸಿದರೆ ಸೋಫಾದ ಮೇಲೆ ಕೂತೇ ನೆಲಕ್ಕೆ ಬ್ರೇಕ್ ಹಾಕುತ್ತಾರೆ. ಅದಕ್ಕೆ ಕಾರಣವಿದೆ. ಅವರದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ, ಅಲ್ಲಿಗೆ ಬೇರೆಯಾಗಿ ಜೋಡಿಸಿದ ಕ್ಲಚ್ಚು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅರ್ಧ ಆಯುಷ್ಯ ಕಳೆದಿದ್ದಾರೆ. ಊರಿನವರು ಅವರಿಗಿಟ್ಟ ಹೆಸರು ಬ್ರೇಕ್ ಮೇಡಂ. ನಾನು ಅವರ ಮೈದುನ, ಮೆಕ್ಯಾನಿಕ್. ನನ್ನ ಬಾಯಿಗೆ ಹೆದರಿ ಊರಿನವರು ನನಗೂ ಒಂದು ಹೆಸರಿಟ್ಟಿದ್ದಾರೆ. ಅದು ಬರೆಯುವಂಥದ್ದಲ್ಲ.

ಸ್ಕೂಲು ಶುರು ಮಾಡಿದ್ದು ನಮ್ಮಣ್ಣ. ಅಣ್ಣ ಹೋದ ಮೇಲೆ ಅದು ಮುಚ್ಚಿತು ಎಂದೇ ಎಲ್ಲರೂ ತಿಳಿದಿದ್ದರು. ಸಮಾಧಾನ ಹೇಳಲು ಬಂದ ನೆಂಟರು ಮನೆಯಲ್ಲಿ ಇನ್ನೂ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಅತ್ತಿಗೆ ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡು ಹೊರಟರು. ಪಾಠ ಅರ್ಧಕ್ಕೆ ನಿಂತಿದ್ದ ನರ್ಸಮ್ಮ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು ಬಂದರು. ನೆಂಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನನಗೂ ಕೆಂಡದಂಥ ಕೋಪ ಬಂದಿತ್ತು. "ಜನ ಏನಂದ್ಕೋತಾರೆ ಅತ್ತಿಗೆ?" ಎಂದು ಕೇಳಿಯೇಬಿಟ್ಟೆ. "ಆ ನರ್ಸಿಗೆ ನಾಳೆ ಟೆಸ್ಟಿದೆ ಕಣೋ, ರಿವರ್ಸ್ ಬರ್ತಿರಲಿಲ್ಲ. ಈಗ ಬಂತು," ಎಂದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತರು. ಅಂದಿನಿಂದ ಅವರು ಏನು ಮಾಡಿದರೂ ನಾನು ಕಾರಣ ಕೇಳುವುದನ್ನು ಬಿಟ್ಟೆ. ಬೈಯುವುದನ್ನು ಮಾತ್ರ ಬಿಟ್ಟಿಲ್ಲ.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಒಳ್ಳೆಯ ಹುಡುಗಿ, ಆದರೆ ತಾಯಿಯ ಚಿಂತೆ ಅವಳಿಗೆ ತಲೆಯ ಮೇಲಿನ ಬುಟ್ಟಿ. ದಿನಾ ಸಂಜೆ ಫೋನು: ಮನೆಗೆ ಬಂದೆಯಾ, ಯಾರಾದರೂ ಗುದ್ದಿದರಾ, ಮಂಡಿ ನೋವು ಹೇಗಿದೆ. "ಸಾಕಮ್ಮ, ಬಂದುಬಿಡು ನಮ್ಮನೆಗೆ," ಎಂದು ವರ್ಷಗಟ್ಟಲೆ ಗೋಗರೆದಳು. ಕೊನೆಗೊಂದು ದಿನ ಅತ್ತಿಗೆ ಬೇಸತ್ತು ಮಾತು ಕೊಟ್ಟುಬಿಟ್ಟರು: "ಈ ಗಾಡಿ ಓಡೋವರೆಗೂ ನಾನಿಲ್ಲಿ. ಗಾಡಿ ನಿಂತ ದಿನ ನಿನ್ನ ಮನೆಗೆ ಬರ್ತೀನಿ. ಆಮೇಲೆ ನೀನು ಹೇಳಿದ ಹಾಗೆ." ಮಗಳು ಅಷ್ಟಕ್ಕೆ ಬಿಡಲಿಲ್ಲ, ಇದು ಹೋದರೆ ಇನ್ನೊಂದು ಗಾಡಿಯ ಮಾತೆತ್ತಬಾರದು ಎಂದೂ ಒಪ್ಪಿಸಿಕೊಂಡಳು. ಸಾಕ್ಷಿಗೆ ನಾನಿದ್ದೆ. ಅಲ್ಲಿಂದ ಮುಂದೆ ಆ ಹಳೇ ಕಾರಿನ ಬಾನೆಟ್ ಎತ್ತುವಾಗಲೆಲ್ಲ ಪ್ರತಿ ನಟ್ಟನ್ನೂ ಎರಡೆರಡು ಸಲ ನೋಡುತ್ತಿದ್ದೆ. ಅದು ಕೆಟ್ಟರೆ ಕೆಡುವುದು ಬರೀ ಕಾರಲ್ಲ.

ಕಾರಿನ ಬದುಕೂ ಒಂದು ಬದುಕೇ ಅನ್ನಿ. ಮನೆಯ ಗೇಟಿನಿಂದ ನೀರಿನ ಟ್ಯಾಂಕಿನ ಪಕ್ಕದ ಬಯಲಿಗೆ, ಬಯಲಿನಲ್ಲಿ ಎರಡು ಸುತ್ತು, ಅಂಚೆ ಕಚೇರಿಯ ಏರಿನಲ್ಲಿ ಒಂದು ನಿಲುಗಡೆ, ವಾಪಸ್ಸು ಗೇಟು. ಒಬ್ಬರ ಪಾಠ ಮುಗಿದರೆ ಎಂಜಿನ್ ಆಫ್. ಇನ್ನೊಬ್ಬರು ಬಂದರೆ ಮತ್ತೆ ಸ್ಟಾರ್ಟ್. ಒಂದನೇ ಗೇರು, ಎರಡನೇ ಗೇರು, ಯಾರಾದರೂ ಜಾಣ ಸಿಕ್ಕಿದರೆ ಮೂರನೆಯದು. ಎಂಜಿನ್ ಮೈ ಕಾಯುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು.

ಹೊಗೆಯ ದೂರು ಮೊದಲು ತಂದವನು ಎದುರುಗಡೆ ಇಸ್ತ್ರಿ ಅಂಗಡಿಯವನು. "ಅಣ್ಣಾ, ನಿಮ್ಮ ಅತ್ತಿಗೆ ಗಾಡಿ ಬೆಳಗ್ಗೆ ಸ್ಟಾರ್ಟ್ ಆದ್ರೆ ನಮ್ಮಂಗಡಿ ಕಾಣಿಸಲ್ಲ. ಬಿಳಿ ಅಂಗಿ ಎಲ್ಲಿ ನೇತುಹಾಕ್ಲಿ?" ನಾನು ಹೋಗುವಷ್ಟರಲ್ಲಿ ಅತ್ತಿಗೆ ಕಾರಿನ ಹಿಂದೆ, ಮುಂದೆ, ಮತ್ತೆ ಹಿಂದೆ ಓಡಾಡುತ್ತಿದ್ದರು.

"ನೋಡೋ, ಎಷ್ಟು ದಿನದಿಂದ ಹೀಗೆ ಬರ್ತಿದೆ!"

"ಎಷ್ಟು ದಿನದಿಂದ ಬರ್ತಿದೆ ಅಂತ ನೀವೇ ಹೇಳ್ಬೇಕು."

"ಚಳಿ ಶುರುವಾದಾಗಿಂದ. ಚಳಿಗೆ ಇರ್ಬೇಕು ಅಂದ್ಕೊಂಡೆ."

"ಅಂದ್ಕೊಂಡ್ರಂತೆ! ನಿಮ್ಮ ಮೈದುನ ಸತ್ತಿದ್ನಾ, ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಫೋನ್ ಮಾಡಿದ್ರೆ ಹೀಗೆ ಬೈತೀಯಲ್ಲ, ಅದಕ್ಕೇ ಮಾಡ್ಲಿಲ್ಲ. ಭಾನುವಾರ ಮಗಳು ಬರ್ತಾಳೆ. ಅವಳು ಬರೋದ್ರೊಳಗೆ ಏನು ಅಂತ ಹೇಳು."

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ. ಗಾದೆ ಕಟ್ಟಿದವರು ಹಳೇ ಕಾರಿನ ಹಿಂದೆ ನಿಂತವರಲ್ಲ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಬಂದರೆ ನೀರು. ಕೊನೆಯದೇ ತಲೆನೋವು, ಏಕೆಂದರೆ ನೀರು ಎರಡು ಕಡೆಯಿಂದ ಬರಬಹುದು. ಹತ್ತಿರ ಹತ್ತಿರ ಓಡುವ ಗಾಡಿಯ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ. ಒಳಗಿನ ಹಬೆ ತಣ್ಣಗಾಗಿ ಅಲ್ಲೇ ನೀರಾಗಿ ನಿಲ್ಲುತ್ತದೆ, ಮರುದಿನ ಬೆಳಗ್ಗೆ ಬಿಳಿಯಾಗಿ ಹೊರಗೆ ಬರುತ್ತದೆ. ಅದು ಕಾಯಿಲೆಯೇ ಅಲ್ಲ. ಒಮ್ಮೆ ದೂರ ಓಡಿಸಿ ಕಾಯಿಸಿದರೆ ಸರಿಹೋಗುತ್ತದೆ. ಇನ್ನೊಂದು, ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂತಿರುವ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿ, ಎಂಜಿನ್ನನ್ನು ತಣ್ಣಗಿಡಬೇಕಾದ ನೀರು ಒಳಗೆ ಸೋರುವುದು. ಅದು ಆದರೆ ತಲೆ ಬಿಚ್ಚಲೇಬೇಕು. ಇಷ್ಟು ಹಳೇ ಗಾಡಿಯ ತಲೆ ಬಿಚ್ಚಿದರೆ ಮತ್ತೆ ಕೂರುತ್ತದೆ ಎಂದು ಯಾವ ಮೆಕ್ಯಾನಿಕ್ಕೂ ಆಣೆ ಮಾಡಿ ಹೇಳಲಾರ.

ಆಯಿಲ್ ಮುಚ್ಚಳ ತೆಗೆದೆ. ಒಳಗೆ ಹಾಲಿನ ಕೆನೆಯಂಥ ಅಂಟು. ಆಯಿಲಿಗೆ ನೀರು ಸೇರಿದೆ. ಆದರೆ ಅದು ಎರಡರಲ್ಲೂ ಕಾಣುವ ಲಕ್ಷಣ. ಹೊಗೆಗೆ ಮೂಗೊಡ್ಡಿದೆ. ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ ನೀರಿಗೆ ಬೆರೆಸುವ ಕೂಲೆಂಟ್ ಸುಟ್ಟ ಸಿಹಿ ವಾಸನೆ ಬರಬೇಕು, ಬರಲಿಲ್ಲ. ನೀರಿನ ಡಬ್ಬಿ ನೋಡಿದೆ. ಸೋರುತ್ತಿದ್ದರೆ ಮಟ್ಟ ಇಳಿದಿರಬೇಕು, ಅದು ಗೆರೆಗೆ ಸರಿಯಾಗಿ ತುಂಬಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು.

"ಬರೀ ಹಬೆ ಅತ್ತಿಗೆ. ನಿಮ್ಮ ಗಾಡಿಗೆ ಕಾಯಿಲೆ ಇಲ್ಲ, ಕೂಡಿಹಾಕಿದ ದನದ ಥರ ಆಗಿದೆ ಅಷ್ಟೇ. ಹೆದ್ದಾರಿಗೆ ಕರ್ಕೊಂಡು ಹೋಗಿ ಒಂದು ಸಲ ಚೆನ್ನಾಗಿ ಓಡಿಸಿದ್ರೆ ನಿಲ್ಲುತ್ತೆ."

"ಖಾತ್ರಿನಾ?"

"ನೀರು ಇಳಿದಿಲ್ಲ ಅಂದ್ಮೇಲೆ ಖಾತ್ರಿ. ಬೇಕಾದ್ರೆ ಗುರುತು ಹಾಕ್ತೀನಿ, ನಾಳೆ ನೀವೇ ನೋಡಿ." ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಕೆಂಪು ಪೇಂಟಿನಲ್ಲಿ ಒಂದು ಗೀಟು ಎಳೆದೆ.

ಮರುದಿನ ಹೋಗಿ ನೋಡಿದರೆ ನೀರು ಗೀಟಿನಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದು ಎದೆಯುಬ್ಬಿಸಿದೆ. ಅತ್ತಿಗೆಯ ಮುಖ ಅರಳಿತು. ಅದರ ಮಾರನೆಯ ದಿನ ಬೇರೆ ಕೆಲಸಕ್ಕೆ ಆ ಬೀದಿಯಲ್ಲಿ ಹೋಗುತ್ತಿದ್ದೆ. ಗೇಟಿನ ಒಳಗೆ ಕಾರಿನ ಬಾನೆಟ್ ತೆರೆದಿತ್ತು. ಹೊಸದಾಗಿ ಸೇರಿದ ಬ್ಯಾಂಕಿನ ಗುಮಾಸ್ತ ಒಬ್ಬ ಕೈಯಲ್ಲಿ ಜಗ್ಗು ಹಿಡಿದು, ನಾಲಿಗೆ ಕಚ್ಚಿಕೊಂಡು, ಡಬ್ಬಿಗೆ ನಲ್ಲಿ ನೀರು ಹೊಯ್ಯುತ್ತಿದ್ದ. ಪಕ್ಕದಲ್ಲಿ ಅತ್ತಿಗೆ ನಿಂತು, "ನಿಧಾನ, ನಿಧಾನ, ಕೆಂಪು ಗೀಟಿನವರೆಗೂ ಹಾಕಿ," ಎನ್ನುತ್ತಿದ್ದರು.

"ಅತ್ತಿಗೇ!" ಎಂದು ಕಿರುಚಿದ ರಭಸಕ್ಕೆ ಗುಮಾಸ್ತನ ಜಗ್ಗು ಬಿದ್ದೇಹೋಯಿತು.

"ಯಾಕೋ ಹಾಗೆ ಬಾಯಿ ಬಡ್ಕೋತೀಯ? ಮೊದಲನೇ ಪಾಠ ಇದು. ಗಾಡಿ ಹತ್ತೋ ಮುಂಚೆ ನೀರು ನೋಡು, ಕಡಿಮೆ ಇದ್ರೆ ತುಂಬು. ನಿಮ್ಮಣ್ಣನೇ ಕಲಿಸಿದ್ದು."

"ದಿನಾ ತುಂಬಿಸ್ತೀರಾ?"

"ದಿನಾ ಯಾರಾದ್ರೂ ಒಬ್ರು ತುಂಬ್ತಾರೆ."

"ದಿನಾ ಕಡಿಮೆ ಆಗತ್ತಾ?"

ಅತ್ತಿಗೆ ಬಗ್ಗಿ ಡಬ್ಬಿಯನ್ನೇ ನೋಡಿದರು. ಒಬ್ಬನೇ ದಿನಾ ಹೊಯ್ದಿದ್ದರೆ ಇದೇಕೆ ದಿನಾ ಇಳಿಯುತ್ತದೆ ಎಂದು ಕೇಳುತ್ತಿದ್ದ. ಇಲ್ಲಿ ದಿನಕ್ಕೊಂದು ಕೈ. ಎಲ್ಲರಿಗೂ ಅದು ಪಾಠ, ಯಾರಿಗೂ ಅದು ಲೆಕ್ಕವಲ್ಲ. ನಲ್ಲಿ ನೀರು ಹೊಯ್ದು ಹೊಯ್ದು ಕೂಲೆಂಟ್ ತೊಳೆದುಹೋಗಿತ್ತು, ಸಿಹಿ ವಾಸನೆ ಬರುವುದಾದರೂ ಎಲ್ಲಿಂದ? ದೀಪದ ಕೆಳಗೆ ಕತ್ತಲೆ ಅನ್ನುವುದು ಇದಕ್ಕೇ. ಇಡೀ ಊರಿಗೆ ಗಾಡಿಯ ಜೋಪಾನ ಕಲಿಸುವ ಮನೆಯಲ್ಲಿ, ಆ ಜೋಪಾನವೇ ಕಾಯಿಲೆಯನ್ನು ಮುಚ್ಚಿಟ್ಟಿತ್ತು. ನಾನು ಗುಮಾಸ್ತನಿಗೂ ಬೈದೆ, ಇಸ್ತ್ರಿಯವನಿಗೂ ಬೈದೆ. ಅವರಿಬ್ಬರದೂ ಏನೂ ತಪ್ಪಿರಲಿಲ್ಲ.

"ಹಾಗಾದ್ರೆ ಗ್ಯಾಸ್ಕೆಟ್ಟಾ?" ಎಂದರು ಅತ್ತಿಗೆ. ದನಿ ಸಣ್ಣಗಾಗಿತ್ತು.

"ಗೊತ್ತಿಲ್ಲ. ಡಬ್ಬಿಯಲ್ಲಿ ಬಿರುಕಿದ್ರೂ ಇಳಿಯುತ್ತೆ, ಪೈಪ್ ಸಡಿಲ ಇದ್ರೂ ಇಳಿಯುತ್ತೆ." ಎರಡನ್ನೂ ಅಲ್ಲೇ ನೋಡಿದೆ. ಬಿರುಕಿರಲಿಲ್ಲ, ಪೈಪುಗಳು ಒಣಗಿದ್ದವು, ನೆಲದ ಮೇಲೆ ಒಂದು ಹನಿ ಇರಲಿಲ್ಲ. ಆದರೂ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಹೆದ್ದಾರಿಗೆ ಹೋಗೋಣ. ಪೂರಾ ಕಾದ ಮೇಲೂ ಬಿಳಿ ಬಂದ್ರೆ ನೀರು ಒಳಗಿಂದ ಬರ್ತಿದೆ ಅಂತ ಅರ್ಥ. ನಿಂತ್ರೆ ಬದುಕಿದ್ವಿ."

ಅವತ್ತಿನ ಪಾಠಗಳನ್ನೆಲ್ಲ ನಿಲ್ಲಿಸಿ ಹೊರಟೆವು. ನಾನು ಸ್ಟಿಯರಿಂಗ್ ಹಿಡಿದೆ, ಅವರು ಅಭ್ಯಾಸದಂತೆ ಪಕ್ಕದಲ್ಲಿ. ಊರು ದಾಟಿ ಸ್ವಲ್ಪ ವೇಗ ಹಿಡಿದೆನೋ ಇಲ್ಲವೋ, ಕಾರು ಗಕ್ಕನೆ ಮುಗ್ಗರಿಸಿತು. ಅವರು ತಮ್ಮ ಕಡೆಯ ಬ್ರೇಕ್ ಒತ್ತಿದ್ದರು.

"ಅತ್ತಿಗೆ, ಕಾಲು ತೆಗೀರಿ."

"ಮುಂದೆ ಲಾರಿ ಇದೆ ಕಣೋ."

"ಲಾರಿ ಅಷ್ಟು ದೂರ ಇದೆ! ಅದರ ಡ್ರೈವರ್‌ಗೂ ನಿಮಗೂ ಪರಿಚಯ ಆಗೋಷ್ಟು ಹತ್ರ ಹೋದಾಗ ಒತ್ತಿ."

ಮತ್ತೆ ಗಕ್ಕ. ಮೂರನೇ ಗೇರು ದಾಟಲು ಬಿಡಲೇ ಇಲ್ಲ ಆ ಮಹಾತಾಯಿ. ಎಂಜಿನ್ ಕಾಯದಿದ್ದರೆ ಪರೀಕ್ಷೆ ಮಾಡಿ ಏನು ಪ್ರಯೋಜನ? ನನ್ನ ತಾಳ್ಮೆ ಕಿತ್ತುಹೋಯಿತು. ರಸ್ತೆ ಬದಿಗೆ ನಿಲ್ಲಿಸಿ ಇಳಿದೆ. "ಬನ್ನಿ ಈ ಕಡೆ. ನೀವೇ ಓಡಿಸಿ. ಸ್ಟಿಯರಿಂಗ್ ನಿಮ್ಮ ಕೈಲಿದ್ರೆ ಯಾರ ಮೇಲೆ ಬ್ರೇಕ್ ಹಾಕ್ತೀರೋ ನೋಡೇಬಿಡ್ತೀನಿ."

ಅವರು ಬಹಳ ಹೊತ್ತು ಆ ಸೀಟನ್ನೇ ನೋಡುತ್ತಿದ್ದರು. ಊರಿಗೆಲ್ಲ ಕಲಿಸಿದ ಹೆಂಗಸು ತಾನೇ ಓಡಿಸಿ ಯಾವ ಕಾಲವಾಗಿತ್ತೋ. ಕೊನೆಗೆ ಬಂದು ಕೂತರು, ಕನ್ನಡಿ ಸರಿಮಾಡಿದರು, ಹೊಸ ವಿದ್ಯಾರ್ಥಿಯ ಹಾಗೆ ಎರಡೂ ಕಡೆ ನೋಡಿ ಹೊರಟರು. ಒಂದು, ಎರಡು, ಮೂರು, ಆಮೇಲೆ ನಾಲ್ಕು. ಗೇರು ಬಿದ್ದದ್ದೇ ಗೊತ್ತಾಗಲಿಲ್ಲ. ಹಳೇ ಕಾರು ನುಣ್ಣಗೆ ಹಾಡಿಕೊಂಡು ಓಡತೊಡಗಿತು. ಎರಡು ಲಾರಿಗಳನ್ನು ಹಿಂದೆ ಹಾಕಿದರು. ನನ್ನ ಕಾಲೇ ಬ್ರೇಕ್ ಹುಡುಕತೊಡಗಿತು ಅಂದರೆ ನಂಬಿ.

"ನಾಲ್ಕನೇ ಗೇರು ಇದಕ್ಕೆ ಇದೆ ಅನ್ನೋದೇ ಮರೆತುಹೋಗಿತ್ತು ಕಣೋ," ಎಂದು ನಕ್ಕರು. ಕಿಟಕಿಯಿಂದ ಗಾಳಿ ನುಗ್ಗಿ ಅವರ ನರೆತ ಕೂದಲೆಲ್ಲ ಎದ್ದು ನಿಂತಿತ್ತು. ಅಣ್ಣ ಹೋದ ಮೇಲೆ ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಖುಷಿಯಾಯಿತು, ಆದರೆ ನನ್ನ ಕಣ್ಣು ಪಕ್ಕದ ಕನ್ನಡಿಯಲ್ಲಿ ಹೊಗೆ ನಿಂತಿತೇ ಎಂದು ಹುಡುಕುತ್ತಿತ್ತು.

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿ ಪೂರಾ ಕಾದಿದೆ ಎಂದಿತು. ಇನ್ನೂ ಅಷ್ಟು ದೂರ ಓಡಿಸಿ ಒಂದು ಮರದ ಕೆಳಗೆ ನಿಲ್ಲಿಸಿದರು. ಎಂಜಿನ್ ಆಫ್ ಮಾಡಬೇಡಿ ಎಂದು ಹೇಳಿ ಹಿಂದೆ ಹೋದೆ. ಬಿಸಿಲು ಚುರುಗುಡುತ್ತಿತ್ತು, ಚಳಿಯ ನೆಪ ಹೇಳುವ ಹಾಗಿರಲಿಲ್ಲ. ಬಿಳಿ ಹೊಗೆ ಬೆಳಗ್ಗೆ ಬಂದಷ್ಟೇ ದಪ್ಪಗೆ ಬರುತ್ತಿತ್ತು. ಡಬ್ಬಿ ನೋಡಿದೆ. ನೀರು ಗೀಟಿನಿಂದ ಬಹಳ ಕೆಳಗೆ ಇಳಿದಿತ್ತು, ಒಳಗಿಂದ ಗುಳ್ಳೆ ಏಳುತ್ತಿತ್ತು.

ಅತ್ತಿಗೆ ಇಳಿದು ಬಂದು ಪಕ್ಕದಲ್ಲಿ ನಿಂತರು. ನಾನು ಬಗ್ಗಿ ಏನೋ ನೋಡುವವನಂತೆ ನಟಿಸಿದೆ.

"ಹೇಳು," ಎಂದರು.

"ಇನ್ನೂ ಸ್ವಲ್ಪ ದೂರ ಹೋದ್ರೆ..."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಹೇಳು."

"ಗ್ಯಾಸ್ಕೆಟ್ ಹೋಗಿದೆ ಅತ್ತಿಗೆ."

ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿ ತಾಗಿ ಹಿಂದೆಗೆದುಕೊಂಡರು. ಆಮೇಲೆ ತಾವೇ ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ನೀರು ತುಂಬಿಕೊಂಡು, ನಿಲ್ಲಿಸಿ ನಿಲ್ಲಿಸಿ ಊರು ಸೇರಿದೆವು.

ಭಾನುವಾರ ಮಗಳು ಬಂದಳು. ಬಂದವಳೇ ಕೇಳಿದ್ದು ಕಾರಿನ ಸುದ್ದಿ, ಇಸ್ತ್ರಿಯವನು ಗೇಟಿನ ಹತ್ತಿರವೇ ಹೊಗೆಯ ಕಥೆ ಹೇಳಿ ಪುಣ್ಯ ಕಟ್ಟಿಕೊಂಡಿದ್ದ. "ಚಿಕ್ಕಪ್ಪ, ಏನಾಗಿದೆ ಗಾಡಿಗೆ?"

ಇಷ್ಟು ವರ್ಷದ ಕಸುಬಿನಲ್ಲಿ ನಾನು ಗಿರಾಕಿಗಳಿಗೆ ಬೈದಿದ್ದೇನೆ, ಅಂಗಡಿಯಿಂದ ಓಡಿಸಿದ್ದೇನೆ, ಆದರೆ ಎಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಅವತ್ತು ಹೇಳಿದೆ. "ಬರೀ ಹಬೆ ಕಣಮ್ಮ. ಚಳಿಗೆ ಎಲ್ಲಾ ಹಳೇ ಗಾಡಿಗೂ ಬರುತ್ತೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಸುಳ್ಳು. ಹೆಡ್ ಗ್ಯಾಸ್ಕೆಟ್ ಹೋಗಿದೆ. ಪಾಠ ನಿಲ್ಲಿಸಿದೀನಿ," ಎಂದರು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಹಾಗಂದ್ರೆ ಸತ್ತುಹೋಯ್ತು ಅಂತಲ್ಲ," ಎಂದು ತೊದಲಿದೆ. "ಬಿಚ್ತೀನಿ, ಹೆಡ್ ನೆಟ್ಟಗಿದ್ರೆ ಹೊಸ ಗ್ಯಾಸ್ಕೆಟ್ ಹಾಕಿದ್ರೆ ಆಯ್ತು." ಮಗಳು ಜಾಣೆ. "ಬಿಚ್ಚಿ ಚಿಕ್ಕಪ್ಪ, ಬೇಡ ಅಂದೋರ್ಯಾರು? ಅಲ್ಲಿವರೆಗೂ ಅಮ್ಮ ನಮ್ಮನೇಲಿರ್ಲಿ," ಎಂದಳು. ಅಲ್ಲಿವರೆಗೂ ಅನ್ನುವುದು ಎಂಥ ಮಾತೆಂದು ಮೂವರಿಗೂ ಗೊತ್ತಿತ್ತು. ಅತ್ತಿಗೆ ವಾದ ಮಾಡಲಿಲ್ಲ. ಸಣ್ಣ ಬ್ಯಾಗಿನಲ್ಲಿ ನಾಲ್ಕು ಸೀರೆ ಹಾಕಿಕೊಂಡು ಹೊರಟುಬಿಟ್ಟರು.

ನಾನು ಬಾಕಿ ಗಾಡಿಗಳನ್ನೆಲ್ಲ ಬದಿಗೆ ತಳ್ಳಿ ಇದಕ್ಕೇ ಕೈ ಹಾಕಿದೆ. ಗಿರಾಕಿಗಳು ಗೊಣಗಿದರು, ಗೊಣಗಲಿ. ಮೊದಮೊದಲು ಅತ್ತಿಗೆಯ ಫೋನು ಒಂದರ ಹಿಂದೆ ಒಂದು. ಬೋಲ್ಟು ಬಿಚ್ಚಿದೆಯಾ? ನಟ್ಟು ಕಳೆದುಹಾಕಬೇಡ. ಹೆಡ್ ಲೇತಿಗೆ ಕೊಟ್ಟೆಯಾ? ಆ ಲೇತಿನವನು ಸೋಮಾರಿ, ಅವನ ಎದೆ ಮೇಲೆ ಕೂತು ಕೆಲಸ ಮಾಡಿಸು. "ನೀವು ಫೋನ್ ಇಟ್ರೆ ತಾನೇ ನಾನು ಸ್ಪ್ಯಾನರ್ ಹಿಡಿಯೋದು?" ಎಂದು ರೇಗುತ್ತಿದ್ದೆ. ಬರಬರುತ್ತ ಫೋನುಗಳು ಕಡಿಮೆಯಾದವು. ಆಮೇಲೆ ನಿಂತೇಹೋದವು. ಒಳ್ಳೆಯದಾಯಿತು, ನೆಮ್ಮದಿಯಾಗಿ ಕೆಲಸ ಮಾಡಬಹುದು ಎಂದುಕೊಂಡೆ. ನೆಮ್ಮದಿ ಬರಲಿಲ್ಲ. ಸದ್ದಾದಾಗಲೆಲ್ಲ ಎಣ್ಣೆಗೈಯಲ್ಲೇ ಫೋನು ತೆಗೆದು ನೋಡುತ್ತಿದ್ದೆ.

ಲೇತಿನವನು ಹೆಡ್ಡನ್ನು ಉಜ್ಜಿ ತೊಳೆದು, ಬಿರುಕಿದ್ದರೆ ಕಾಣಲೆಂದು ಮೇಲೆ ಬಣ್ಣದ ನೀರು ಸವರಿ, ಒರೆಸಿ, ನನ್ನನ್ನು ಕರೆದ. ಎರಡು ವಾಲ್ವುಗಳ ನಡುವೆ ಕೂದಲಿನಂಥ ಒಂದು ಕೆಂಪು ಗೆರೆ ಉಳಿದುಕೊಂಡಿತ್ತು. ಬೆರಳಿಂದ ಒರೆಸಿದೆ, ಹೋಗಲಿಲ್ಲ. ಉಗುರಿಂದ ಕೆರೆದೆ, ಹೋಗಲಿಲ್ಲ. "ಸೀಳಿದೆ. ಬೆಸುಗೆ ಹಾಕಿದ್ರೂ ನಾನು ಜವಾಬ್ದಾರಿ ಅಲ್ಲ," ಎಂದ. ನಾನು ಅವನಿಗೆ ಬೈಯಲಿಲ್ಲ. ಅವನಿಗೇ ಆಶ್ಚರ್ಯವಾಗಿ ಕುರ್ಚಿ ಎಳೆದು ಕೊಟ್ಟ.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಮಗಳ ಫೋನು ಬಂತು.

"ಚಿಕ್ಕಪ್ಪ, ಗಾಡಿ ಏನಾಯ್ತು?"

"ನಿಮ್ಮಮ್ಮ ಹೇಗಿದಾರೆ?"

"ಅಮ್ಮ ಸುಮ್ನೆ ಕೂತಿರ್ತಾಳೆ."

"ಕೂರ್ಲಿ ಬಿಡು. ಅದಕ್ಕೇ ತಾನೇ ನೀನು ಕರ್ಕೊಂಡು ಹೋಗಿದ್ದು?" ಎಂದೆ. ಸಿಟ್ಟು ಬೇರೆ ಯಾರ ಮೇಲೂ ತೀರಿಸಿಕೊಳ್ಳಲು ಸಿಕ್ಕಿರಲಿಲ್ಲ.

ಅವಳು ಆ ಮಾತಿಗೆ ಸಿಟ್ಟಾಗಲಿಲ್ಲ. "ಊಟಕ್ಕೆ ಕರೆದ್ರೆ ಬರ್ತಾಳೆ. ಮಾತ್ರೆ ತಗೋ ಅಂದ್ರೆ ತಗೋತಾಳೆ. ನಿನ್ನೆ ನಮ್ಮೋರು ಕಾರನ್ನ ತಿರುವಲ್ಲಿ ಜೋರಾಗಿ ತಿರುಗಿಸಿದ್ರು, ಅಮ್ಮ ಪಕ್ಕದಲ್ಲೇ ಇದ್ಲು, ಒಂದು ಮಾತು ಆಡ್ಲಿಲ್ಲ. ನಾನು ಏನೇ ಹೇಳಿದ್ರೂ 'ಆಯ್ತಮ್ಮ' ಅಂತಾಳೆ. ಯಾವತ್ತು ನಮ್ಮಮ್ಮ ನನಗೆ 'ಆಯ್ತು' ಅಂದಿದ್ಲು ಚಿಕ್ಕಪ್ಪ?" ಅವಳು ಮೂಗೆಳೆದುಕೊಂಡಳು. "ಗಾಡಿ ಯಾವಾಗ ರೆಡಿ ಆಗುತ್ತೆ ಹೇಳಿ."

ಮತ್ತೊಮ್ಮೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಹೆಡ್ ಸೀಳಿದೆ ಮಗಳೇ. ಗಾಡಿ ಮುಗೀತು," ಎಂದೆ.

ಆ ಕಡೆ ಯಾರೋ ಪಾತ್ರೆ ಇಡುವ ಸದ್ದು ಕೇಳಿತು, ಆಮೇಲೆ ಬಾಗಿಲು ಮುಚ್ಚಿದ ಸದ್ದು. ಅವಳು ತಾಯಿಗೆ ಕೇಳಿಸದ ಹಾಗೆ ಹೊರಗೆ ಬಂದಿರಬೇಕು.

"ಹಾಗಾದ್ರೆ ಇನ್ನೊಂದು ಹುಡುಕಿ."

"ಇನ್ನೊಂದು ಹೆಡ್ಡಾ? ಇಷ್ಟು ಹಳೇ ಮಾಡೆಲ್‌ಗೆ ಎಲ್ಲಿ..."

"ಇನ್ನೊಂದು ಗಾಡಿ ಚಿಕ್ಕಪ್ಪ."

"ನಿಮ್ಮಮ್ಮ ಕೊಟ್ಟ ಮಾತು?"

"ಕೊಟ್ಟಿದ್ದು ನನಗೆ ತಾನೇ? ನಾನು ಬಿಟ್ಟುಕೊಟ್ಟೆ," ಎಂದಳು. ಈಗ ಅವಳು ಅಳುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. "ಬೇಗ ಹುಡುಕಿ. ನನಗೆ ಬೈಯೋ ಅಮ್ಮ ಬೇಕು."